ಬೊಟ್ಟಿನ ತಕರಾರು

ಮುಂಬೈ ಬಳಿಯ ಡೊಂಬಿವಲಿಯಲ್ಲಿ ಯಾರ ಮೈ ತುರಿಸಿದರೂ ಬೈಗುಳ ಎಂಐಡಿಸಿಯ ಕೆಮಿಕಲ್ ಕಾರ್ಖಾನೆಗಳಿಗೆ. ಕಾರಣವೂ ಇದೆ ಅನ್ನಿ; 2014ರಲ್ಲಿ ಹಸಿರು ಮಳೆ ಬಿದ್ದ ಊರು, 2020ರಲ್ಲಿ ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿದ ಊರು. ಪಕ್ಕದ ಮನೆಯ ಉಡುಪಿ ಅಕ್ಕನ ಹಣೆಯ ನಡುವೆ ದುಂಡಗೆ ಕೆಂಪಾಗಿ ಕೆರೆತ ಹತ್ತಿದಾಗ ಗ್ಯಾಲರಿಯ ಗ್ರಿಲ್ಲಿನಿಂದ ಅವರು ಹೇಳಿದ್ದೂ ಅದೇ: "ಎಲ್ಲ ಆ ಕೆಮಿಕಲ್ ಗಾಳಿ ಮಾರಾಯ್ತಿ."

"ಗಾಳಿ ಬರೋಬ್ಬರಿ ಬೊಟ್ಟಿನ ಅಳತೀಗೇ ಬಡೀತೇನ್ರಿ ಅಕ್ಕಾ?" ಅಂದೆ.

ಅವರ ಅತ್ತೆಯ ತೀರ್ಪು ಬೇರೆ: ನಂಜು. ಬದನೆ ಬಂದ್, ಒಣಮೀನು ಬಂದ್. ಕೆರೆತ ಮಾತ್ರ ಇದ್ದಲ್ಲೇ ಇತ್ತು.

ಕೊನೆಗೆ ಚರ್ಮದ ಡಾಕ್ಟರು ಬೆನ್ನಿಗೆ ಸಾಲಾಗಿ ಪಟ್ಟಿ ಅಂಟಿಸಿ ಪ್ಯಾಚ್ ಟೆಸ್ಟ್ ಮಾಡಿದರು. ಎರಡು ದಿನ ಬೆನ್ನು ಒದ್ದೆಯಾಗಬಾರದು, ಬೆವರಲೂಬಾರದು. ಡೊಂಬಿವಲಿ ಲೋಕಲ್ಲಿನಲ್ಲಿ ಬೆವರದೆ ಹೋಗಿ ಬಂದವರಿದ್ದರೆ ತೋರಿಸಿ! ಅಕ್ಕ ರಜೆ ಹಾಕಿ ಫ್ಯಾನಿನಡಿ ಕೂತರು. 48 ಗಂಟೆಗೆ ಪಟ್ಟಿ ಬಿಚ್ಚಿ ನೋಡಿ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡಿದರು. ಈ ಅಲರ್ಜಿ ಏಳುವುದೇ ನಿಧಾನ. ಕೆಂಪಾದದ್ದು ಒಂದೇ ಚೌಕ. ಅದರಲ್ಲಿದ್ದದ್ದು ಸ್ಟಿಕ್ಕರ್ ಬೊಟ್ಟಿನ ಅಂಟಿನಲ್ಲಿರುವ ರಾಳ, ಪ್ಯಾರಾ-ಟರ್ಷರಿ-ಬ್ಯುಟೈಲ್‌ಫಿನಾಲ್ ಫಾರ್ಮಾಲ್ಡಿಹೈಡ್ ರೆಸಿನ್.

"ಇಷ್ಟು ವರ್ಷ ಅದೇ ಬೊಟ್ಟು ಇಟ್ಟದ್ದಲ್ವಾ? ಈಗ ಎಂತ ಅದಕ್ಕೆ?"

ಎಲ್ಲರೂ ಕೇಳುವುದು ಇದನ್ನೇ, ದಾರಿ ತಪ್ಪಿಸುವುದೂ ಇದೇ. ಹೊಸದಾಗಿ ತಂದ ಸೋಪಿನ ಮೇಲೆ ಹರಿಹಾಯುತ್ತೇವೆ, ಹಳೆಯದನ್ನು ಅನುಮಾನಿಸುವುದೇ ಇಲ್ಲ. ಚರ್ಮ ವರ್ಷಗಟ್ಟಲೆ ಸುಮ್ಮನಿದ್ದು ಒಂದು ದಿನ ಮುನಿಸಿಕೊಳ್ಳುತ್ತದೆ. ಮುನಿದ ಮೇಲೆ ಸಾಮಾನ್ಯವಾಗಿ ರಾಜಿಯಿಲ್ಲ. ಮುಲಾಮು ಕೆರೆತ ಇಳಿಸೀತು, ಅಷ್ಟೇ. ಬೊಟ್ಟು ಅಂಟಿಸುತ್ತಲೇ ಹೋದರೆ ಅಲ್ಲಿ ಬಣ್ಣ ಹೋಗಿ ಬಿಳಿ ಮಚ್ಚೆ ಬೀಳುವುದೂ ಉಂಟು. ಆಮೇಲೆ ನೆಂಟರ ಬಾಯಿ ಕೇಳಬೇಕೆ! ಕುಂಕುಮ ಇಟ್ಟರಾಯಿತು ಅನ್ನಬಹುದು. ಅದರ ಬಣ್ಣವೂ ಕೆಲವರಿಗೆ ಆಗಿಬರುವುದಿಲ್ಲ.

ತಮಾಷೆಯೆಂದರೆ, ಅಕ್ಕನ ಪಾದದ ಮೇಲೆ ಚಪ್ಪಲಿಯ ಪಟ್ಟಿ ಕೂರುವ ಕಡೆಯೂ ತುರಿಕೆಯಿತ್ತು. "ಅದು ಮಳೆಗಾಲದ್ದು" ಎಂದು ಡಾಕ್ಟರಿಗೆ ಹೇಳಿಯೇ ಇರಲಿಲ್ಲ. ಚಪ್ಪಲಿ, ವಾಚಿನ ಬೆಲ್ಟು ಅಂಟಿಸುವ ಗಮ್ಮಿನಲ್ಲೂ ಅದೇ ರಾಳ! ಈಗ ಆ ಉದ್ದ ಹೆಸರಿನ ಚೀಟಿ ರೈಲ್ವೆ ಪಾಸಿನ ಜೊತೆ ಪರ್ಸಿನಲ್ಲಿದೆ. ಫಡಕೆ ರೋಡಿನ ಚಪ್ಪಲಿ ಅಂಗಡಿಯವನಿಗೆ ಅದನ್ನು ತೋರಿಸಿ ಏನು ಫಲ? ಗಮ್ ಹಾಕದೆ ಬರೀ ಹೊಲಿದದ್ದು ಕೊಡು ಅನ್ನಬೇಕು. ಹಾಗಂದಾಗ ಅವನು ಕೊಲ್ಹಾಪುರಿ ಮುಂದಿಟ್ಟ.

"ಇದನ್ನ ನಮ್ಮ ಅಥಣಿ ಕಡೆನೂ ಮಾಡ್ತಾರ್ರಿ ಅಕ್ಕಾ," ಅಂದೆ.

"ಮಾಡ್ಲಿ ಮಾರಾಯ್ತಿ, ಒಳಗೆ ಗಮ್ ಇಲ್ಲ ಅಂತ ನೀನು ಗ್ಯಾರಂಟಿ ಕೊಡ್ತೀಯಾ?"