ಗಿಲೀಟು ಮೀಮಾಂಸೆ

ಆಕಾಶ ಏನು ಗುನುಗುತ್ತಿದೆಯೆಂದು ಕೇಳಿಸಿಕೊಳ್ಳಲು ಗೌರಿಬಿದನೂರಿನಲ್ಲಿ 1976ರಿಂದ ರೇಡಿಯೊ ವೀಕ್ಷಣಾಲಯವಿದೆ. ನೆಲ ಎಲ್ಲಿ ನಡುಗಿತೆಂದು ತಿಳಿಯಲು ಅದಕ್ಕಿಂತ ಹಳೆಯ ಭೂಕಂಪನ ಕೇಂದ್ರವಿದೆ. ಈ ಎರಡರ ನಡುವೆ ಓಡಾಡುವ ಗಾಡಿಗಳ ಬ್ರೇಕ್ ಲೀವರು ಒಂದೇ ರಾತ್ರಿಯಲ್ಲಿ ನವಿಲುನೀಲಿಯಾಗುವುದು ಹೇಗೆ ಎಂಬ ಪ್ರಶ್ನೆ ಮಾತ್ರ ಅನಾಥವಾಗಿ ಬಿದ್ದಿದೆ. ಅದನ್ನು ಎತ್ತಿಕೊಂಡು ಸಾಕುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಪೂರ್ವಪಕ್ಷ. ಆನೊಡೈಸ್‌ವಾದಿಗಳ ಪ್ರಕಾರ ಬಣ್ಣ ಹಚ್ಚುವಂಥದ್ದಲ್ಲ, ಮೈಗೂಡಿಸುವಂಥದ್ದು. ಅಲ್ಯೂಮಿನಿಯಂ ಭಾಗವನ್ನು ಗಂಧಕಾಮ್ಲದಲ್ಲಿ ಮುಳುಗಿಸಿ, ಅದನ್ನೇ ಧನಾಗ್ರ ಮಾಡಿ ವಿದ್ಯುತ್ ಹರಿಸಿದರೆ ಲೋಹದ ಮೈಯೇ ಆಕ್ಸೈಡಿನ ಪದರವಾಗುತ್ತದೆ. ಆ ಪದರದ ತುಂಬ ಕಣ್ಣಿಗೆ ಕಾಣದ ತೂತುಗಳು. ಅವಕ್ಕೆ ಬಣ್ಣ ಕುಡಿಸಿ ಕುದಿಯುವ ನೀರಿಗೆ ಅದ್ದಿದರೆ ಬಾಯಿ ಮುಚ್ಚಿಕೊಳ್ಳುತ್ತವೆ. ಸಮುದ್ರದ ಮೇಲಿಳಿಯುವ ವಿಮಾನಗಳನ್ನು ಉಪ್ಪುನೀರು ತಿನ್ನದಿರಲೆಂದು 1923ರಲ್ಲಿ ಆಂಗ್ಲರು ಈ ಸಂಸ್ಕಾರಕ್ಕೆ ಕೈಹಾಕಿದರು; ಆಗಿನದು ಕ್ರೋಮಿಕ್ ಆಮ್ಲ. ಉತ್ತರ ಪಿನಾಕಿನಿಯಲ್ಲಿ ವಿಮಾನ ಇಳಿಸುವಷ್ಟು ನೀರು ನೋಡಿ ಎಷ್ಟು ಕಾಲವಾಯಿತೋ, ಆ ಮಾತು ಬಿಡಿ. ಈ ಪಕ್ಷದ ನಿಜವಾದ ದೋಷ ಬೇರೆ: ಕಬ್ಬಿಣಕ್ಕೆ ಇಲ್ಲಿ ಉಪನಯನವಿಲ್ಲ. ಸ್ಟ್ಯಾಂಡು, ಗೇರಿನ ಪೆಡಲು, ನಟ್ಟು, ಬೋಲ್ಟು ಎಲ್ಲವೂ ಪಂಕ್ತಿಯ ಹೊರಗೆ.

ಈ ಭೇದವನ್ನು ಒಪ್ಪದ್ದೇ ಡಬ್ಬಿ ಸಂಪ್ರದಾಯ. ಇದರ ಮೂಲಪುರುಷ ಅಮೆರಿಕದ ಇಲಿನಾಯ್ ಪ್ರಾಂತದ ಎಡ್ವರ್ಡ್ ಸೀಮೋರ್. 1949ರಲ್ಲಿ ಆತ ಬಣ್ಣವನ್ನು ಒತ್ತಡದ ಡಬ್ಬಿಗೆ ತುಂಬಿದ. ಹಾಗೆ ಮಾಡೆಂದದ್ದು ಅವನ ಹೆಂಡತಿ. ಡಬ್ಬಿಯಿಂದ ಮೊಟ್ಟಮೊದಲು ಹೊರಬಿದ್ದ ಬಣ್ಣ ಯಾವುದು? ಅಲ್ಯೂಮಿನಿಯಂ! ಅಲ್ಲದ್ದನ್ನು ಅಲ್ಯೂಮಿನಿಯಂ ಎನಿಸುವುದು ಈ ಸಂಪ್ರದಾಯದ ಭ್ರಷ್ಟತೆಯಲ್ಲ, ಬೀಜಾಕ್ಷರ ಎಂದು ಇದರಿಂದ ಸಿದ್ಧವಾಯಿತು.

ಪ್ರಯೋಗವಿಧಿ ಹೀಗೆ. ಭಾಗವನ್ನು ಬಿಚ್ಚಿ, ಜಿಡ್ಡು ತೆಗೆದು, ವಾಟರ್ ಪೇಪರಿನಲ್ಲಿ ಉಜ್ಜಬೇಕು. ಉಜ್ಜುವ ಹೊತ್ತಿಗೆ ಶಿಷ್ಯರು ಟೀ ಕುಡಿಯಲು ಹೋಗುತ್ತಾರೆ. ಬಣ್ಣ ಚಕ್ಕೆ ಏಳುವುದಕ್ಕೆ ಮುಖ್ಯ ಕಾರಣ ಆ ಟೀ. ಡಬ್ಬಿ ಅಲ್ಲಾಡಿಸಿದರೆ ಒಳಗಿನ ಗೋಲಿ ಟಕಟಕ ಎನ್ನಬೇಕು. ಮೊದಲು ಬೆಳ್ಳಿಬಣ್ಣ, ಅದು ಒಣಗಿದ ಮೇಲೆ, ಒಂದು ಗೇಣಿನಾಚೆಯಿಂದ, ಪಾರದರ್ಶಕ ನೀಲಿಯನ್ನೋ ಕೆಂಪನ್ನೋ ತೆಳ್ಳಗೆ ಮೂರು ಸಲ. ಬೆಳಕು ಬಣ್ಣದೊಳಗೆ ಹಾದು, ಬೆಳ್ಳಿಗೆ ಬಡಿದು, ಬಣ್ಣ ಮೆತ್ತಿಕೊಂಡು ಮರಳುತ್ತದೆ. ಗುಟ್ಟೆಲ್ಲ ಇಷ್ಟೇ. ಆತುರಪಟ್ಟು ಒಂದೇ ಸಲ ದಪ್ಪಗೆ ಹೊಡೆದರೆ ಲೀವರು ಕಣ್ಣೀರಿಡುತ್ತದೆ. ಮಳೆಯ ಥಂಡಿಯಲ್ಲಿ ಹೊಡೆದರೆ ಬಿಳಿಚಿಕೊಳ್ಳುತ್ತದೆ.

ಇದು ಮೋಸವಲ್ಲವೇ ಎಂದು ಆಕ್ಷೇಪ. ಅಲ್ಲ. ವಿದುರಾಶ್ವತ್ಥದ ನಾಗರಕಲ್ಲುಗಳಿಗೆ ಅರಿಸಿನ ಕುಂಕುಮ ಮೆತ್ತುವವರನ್ನು ಕಲ್ಲಿನ ಮೂಲಬಣ್ಣ ಮರೆಸಿದಿರೆಂದು ಯಾರೂ ಕೇಳಿದ್ದಿಲ್ಲ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಿಕೊಂಡು ಹುಳಿಸಾರು ಕುದಿಸಿದ ವಂಶದವರು ನಾವು.

ಆದರೂ ಇದು ಎಚ್. ನರಸಿಂಹಯ್ಯನವರ ತಾಲ್ಲೂಕು. ಹೊಸೂರಿನಲ್ಲಿ ಹುಟ್ಟಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, ಅದೇ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿದವರು ಅವರು. ಇಲ್ಲಿ ಕೂತು ಪರೀಕ್ಷೆಯಿಲ್ಲದೆ ಸಿದ್ಧಾಂತ ಸಾರುವುದು ತರವಲ್ಲ. ಹಾಗಾಗಿ ಬ್ಯಾಟರಿಗೆ ಬಲ್ಬು ಕಟ್ಟಿ ಅಸಲಿ ಆನೊಡೈಸ್ ಲೀವರಿಗೆ ತಂತಿ ಮುಟ್ಟಿಸಿದೆ. ಆಕ್ಸೈಡು ವಿದ್ಯುತ್ತನ್ನು ಬಿಡದು, ಬಲ್ಬು ಹತ್ತಲಿಲ್ಲ. ನನ್ನ ಡಬ್ಬಿ ಬಣ್ಣದ ಲೀವರಿಗೆ ಮುಟ್ಟಿಸಿದೆ, ಅಲ್ಲೂ ಹತ್ತಲಿಲ್ಲ. ಎರಡೂ ಒಂದೇ ಎಂದು ಬರೆದುಕೊಂಡೆ. ಅನಂತರ ನೆರೆಮನೆಯ ಹುಡುಗನೊಬ್ಬ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ ತಂದು, ನನ್ನ ‘ಆನೊಡೈಸ್’ ಬೋಲ್ಟಿಗೆ ಹಿಡಿದ. ಟಕ್ಕೆಂದು ಕಚ್ಚಿಕೊಂಡಿತು. ಅಯಸ್ಕಾಂತವು ಕಬ್ಬಿಣದ ಪಕ್ಷಪಾತಿಯಾದ್ದರಿಂದ ಅದರ ಸಾಕ್ಷ್ಯವನ್ನು ತಳ್ಳಿಹಾಕಲಾಗಿದೆ.

ಮೂರನೆಯ ಪರೀಕ್ಷೆಯನ್ನು ನಾನು ಯೋಜಿಸಿರಲಿಲ್ಲ. ಹಿಂದೂಪುರದ ರಸ್ತೆಯ ಬಂಕಿನಲ್ಲಿ ಪೆಟ್ರೋಲು ತುಸು ಉಕ್ಕಿ, ಕೆಂಪಗೆ ಮಾಡಿಸಿದ್ದ ಟ್ಯಾಂಕಿನ ಮುಚ್ಚಳದ ಮೇಲೆ ಹರಿಯಿತು. ಮುಚ್ಚಳ ತಿರುಗಿಸಿದ ಹುಡುಗ ತನ್ನ ಅಂಗೈ ನೋಡಿಕೊಂಡ, ನನ್ನನ್ನೂ ನೋಡಿದ.

“ಏನಣ್ಣಾ, ಗಾಡಿಗೆ ಆರತಿ ಎತ್ಕೊಂಡು ಬಂದಿದ್ದೀರಾ?”