ನೂರೆಂಬತ್ತೆರಡು ರಾಯರು

ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ವಾಕಿಂಗ್ ಬಳಗದಲ್ಲಿ ಅವರ ನಿಜವಾದ ಹೆಸರು ಅರ್ಧ ಜನಕ್ಕೆ ಮರೆತೇ ಹೋಗಿದೆ. ನೂರೆಂಬತ್ತೆರಡು ರಾಯರು ಎಂದರೆ ಸಾಕು, ಗೇಟಿನ ಎಳನೀರಿನವನೂ ಅವರು ಕೂರುವ ಬೆಂಚು ತೋರಿಸುತ್ತಾನೆ. ಹಣಕಾಸು ವರ್ಷದಲ್ಲಿ 182 ದಿನ ಭಾರತದಲ್ಲಿ ಕಳೆದವನು ಆದಾಯ ತೆರಿಗೆಯವರ ಕಣ್ಣಿಗೆ ನಿವಾಸಿ. ಅದಕ್ಕಿಂತ ಕಡಿಮೆಯಾದರೆ ಅನಿವಾಸಿಯಾಗುವ ಆಸೆ ಇಟ್ಟುಕೊಳ್ಳಬಹುದು. ಬ್ಯಾಂಕಿನಿಂದ ನಿವೃತ್ತರಾದ ಲಾಗಾಯ್ತಿನಿಂದ ರಾಯರು ಆ ಆಸೆಯಲ್ಲೇ ಇದ್ದಾರೆ. ಮಗ ದುಬೈಯಲ್ಲಿದ್ದಾನೆ. ಅಲ್ಲಿ ಸಂಬಳಕ್ಕೆ ತೆರಿಗೆಯಿಲ್ಲ. ರಾಯರಿಗೆ ಈಗ ಸಂಬಳವೂ ಇಲ್ಲ. ಆದರೆ ಆ ಮಾತೆತ್ತುವಷ್ಟು ಕಠೋರರು ನಮ್ಮಲ್ಲಿ ಯಾರೂ ಇಲ್ಲ.

ಅವರ ಮನೆಯ ಒಂಟಿಕೊಪ್ಪಲ್ ಪಂಚಾಂಗದಲ್ಲಿ ರಾಹುಕಾಲ ನೋಡುವುದು ಹೆಂಡತಿ. ಅಂಚಿನಲ್ಲಿ ಪೆನ್ಸಿಲ್ ಗೀಟು ಎಳೆಯುವುದು ರಾಯರು, ಭಾರತದಲ್ಲಿ ಕಳೆದ ಒಂದೊಂದು ದಿನಕ್ಕೂ ಒಂದೊಂದು. ದೇಶ ಬಿಟ್ಟು ಹೋಗದವರಿಗೆ ಈ ಲೆಕ್ಕ ತಪ್ಪುವುದೇ ಇಲ್ಲ. ವಿಮಾನ ಇಳಿದ ದಿನವನ್ನು ಲೆಕ್ಕಕ್ಕೆ ಹಿಡಿಯಬೇಕೋ ಬಿಡಬೇಕೋ ಎಂಬ ವ್ಯಾಜ್ಯ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯವರೆಗೂ ಹೋಗಿ, ‘ಬಿಡಿ’ ಎಂದು ತೀರ್ಪಾಗಿತ್ತಲ್ಲ, ಅದನ್ನು ರಾಯರು ಒಂದು ಬೀಗರೂಟದ ಪಂಕ್ತಿಯಲ್ಲಿ ವಿವರಿಸಿದ್ದನ್ನು ನಾನು ಎದುರಿಗೇ ಕೂತು ಕೇಳಿದ್ದೇನೆ. ಹೋಳಿಗೆ ಎಲೆಗೆ ಬಿದ್ದಿತ್ತು. ಬಡಿಸುವ ಹುಡುಗ ತುಪ್ಪದ ಗಿಂಡಿ ಬಗ್ಗಿಸಿಕೊಂಡು ತೀರ್ಪಿಗಾಗಿ ಕಾದೇ ಕಾದ.

ಹೊರಡಲು ಬಿಡದೆ ಇರುವುದು ಸರ್ಕಾರ ಎಂದೇ ಅವರ ವಾದ. 2020ರ ಫೆಬ್ರವರಿ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್, ಊರಿಗೆ ಬಂದುಹೋಗುವ ಅನಿವಾಸಿಗಳ 182 ದಿನವನ್ನು 120ಕ್ಕೆ ಇಳಿಸುವ ಮಾತಾಡಿದರು. ಮಾರ್ಚಿನಲ್ಲಿ ಅದು ಸಡಿಲವಾಗಿ, ಇಲ್ಲಿನ ಆದಾಯ 15 ಲಕ್ಷ ದಾಟಿದವರಿಗೆ ಮಾತ್ರ ಎಂದಾಯಿತು. ಅಂಥವರು ಬೇರೆ ಯಾವ ದೇಶದಲ್ಲೂ ತೆರಿಗೆಗೆ ಒಳಪಡದಿದ್ದರೆ ಇಲ್ಲಿನ ನಿವಾಸಿಗಳೆಂದೇ ಲೆಕ್ಕ ಎಂಬ ಇನ್ನೊಂದು ನಿಯಮವೂ ಬಂತು. “ನೋಡಿದ್ರಾ, ನನ್ನಂಥೋರನ್ನ ಹಿಡಿಯೋಕೇ ಮಾಡಿರೋದು” ಎಂದರು ರಾಯರು. ಆ ‘ನನ್ನಂಥೋರು’ ಅನ್ನುವಾಗ ಅವರ ಮುಖ ನೋಡಬೇಕಿತ್ತು. ಸರ್ಕಾರ ಬೆನ್ನು ಹತ್ತಿದೆ ಎಂದು ಅಷ್ಟು ಸಂತೋಷಪಟ್ಟವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ.

ಆಮೇಲೆ ಪೋರ್ಚುಗಲ್ ಆಯಿತು. ರಾಯರು ಅಲ್ಲಿನ ರಿಯಾಯಿತಿಯನ್ನು ಓದಿ ಮುಗಿಸುವಷ್ಟರಲ್ಲಿ 2024 ಬಂತು, ಹೊಸಬರಿಗೆ ಆ ಯೋಜನೆ ಮುಚ್ಚಿತು. ಲಂಡನ್ನಿನ ಕಡೆ ತಿರುಗಿದರು. 2025ರ ಏಪ್ರಿಲ್ 6ಕ್ಕೆ ಅಲ್ಲಿನ ಇನ್ನೂರು ವರ್ಷ ದಾಟಿದ ನಾನ್-ಡಾಮ್ ತೆರಿಗೆ ರಿಯಾಯಿತಿಯ ಪದ್ಧತಿಯೇ ಮುಗಿಯಿತು. ರಾಯರ ಕಣ್ಣು ಬಿದ್ದ ದೇಶಕ್ಕೆ ಉಳಿಗಾಲವಿಲ್ಲ ಎಂದು ಪಾರ್ಕಿನಲ್ಲಿ ಮಾತಾಯಿತು.

ಕೊನೆಗೆ ಗಾಂಧಿ ಬಜಾರಿನ ಆಡಿಟರ್ ಹತ್ತಿರ ಹೋದೆವು. ಜತೆಗೆ ಬನ್ನಿ ಅಂದರು, ದೋಸೆಯ ಆಸೆಗೆ ನಾನೂ ಹೋದೆ. ಆಡಿಟರ್ ಚಿಕ್ಕ ವಯಸ್ಸಿನ ಹುಡುಗಿ. ಪಾಸ್‌ಬುಕ್ಕುಗಳನ್ನೆಲ್ಲ ತಿರುವಿ ಹಾಕಿದಳು.

“ಪೆನ್ಷನ್, ಎಫ್‌ಡಿ ಬಡ್ಡಿ, ಮಹಡಿ ಮನೆ ಬಾಡಿಗೆ ಎಲ್ಲಾ ಸೇರಿ 12 ಲಕ್ಷದೊಳಗೇ ಇದೆ ಅಂಕಲ್. ಹೊಸ ಪದ್ಧತೀಲಿ ರಿಬೇಟ್ ಹೋಗಿ ನಿಮ್ಮ ಟ್ಯಾಕ್ಸ್ ಸೊನ್ನೆ.”

“ಸೊನ್ನೇನಾ?” ರಾಯರ ದನಿ ಇಳಿಯಿತು. “ಎನ್ನಾರೈ ಆದ್ಮೇಲೆ?”

“ಆಗ ಕಟ್ಟಬೇಕು. ಆ ರಿಬೇಟ್ ರೆಸಿಡೆಂಟ್‌ಗಳಿಗೆ ಮಾತ್ರ. ಮೈಸೂರು ಸೈಟ್ ಮಾರಿದ್ರೂ ಅಷ್ಟೇ. 2024ರ ಜುಲೈ 23ಕ್ಕೆ ಮುಂಚೆ ತಗೊಂಡಿರೋದಕ್ಕೆ ಇಂಡೆಕ್ಸೇಷನ್ ಹಾಕ್ಕೊಂಡು 20 ಪರ್ಸೆಂಟ್ ಕಟ್ಟೋ ಆಯ್ಕೆ ಇಲ್ಲಿರೋರಿಗಷ್ಟೇ.” ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. “ಮತ್ತೆ ಅಂಕಲ್, ಹೊರಡೋ ವರ್ಷ ನಿಮಗೆ ಆ 182 ಬರೋದೇ ಇಲ್ಲ. ಅದು ಕೆಲಸಕ್ಕೆ ಅಂತ ಹೋಗೋರಿಗೆ. ನಿಮಗೆ 60 ದಿನದ ಲೆಕ್ಕ. ಮೇ ಮುಗಿಯೋದ್ರೊಳಗೆ ಹೊರಟಿರಬೇಕು.”

ಆಮೇಲೆ ಹೋಟೆಲಿನಲ್ಲಿ ದೋಸೆ ತಣ್ಣಗಾಯಿತು. ರಾಯರು ಅಲ್ಲಿಂದಲೇ ದುಬೈಗೆ ಫೋನ್ ಹಚ್ಚಿದರು.

“ನಿಮ್ಮ ಕಂಪನೀಲಿ ನನಗೊಂದು ಕೆಲಸ ಕೊಡ್ಸೋ.”

“ಏನು ಕೆಲಸ ಅಪ್ಪಾ?”

“ಯಾವುದಾದ್ರೂ ಸರಿ. ಸಂಬಳ ಬೇಡ.”

ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಬಿ.ಪಿ. ಮಾತ್ರೆ ತಗೊಂಡ್ರಾ ಎಂದು ಕೇಳಿದ. ಮನೆಯಲ್ಲಿ ಮೇ ತಿಂಗಳ ಪ್ರಸ್ತಾಪವಾದಾಗ ಹೆಂಡತಿ ಮೊರದಿಂದ ತಲೆಯನ್ನೂ ಎತ್ತಲಿಲ್ಲ. “ಮಾವಿನಕಾಯಿ ಕಾಲದಲ್ಲಾ? ಉಪ್ಪಿನಕಾಯಿ ಯಾರು ಹಾಕ್ತಾರೆ? ನೀವು ಹೋಗ್ಬನ್ನಿ.”

ಒಂದು ವಾರ ಬೆಂಚು ಖಾಲಿಯಿತ್ತು. ತೆರಿಗೆಯ ಭಯವೇ ಇಲ್ಲದ ಮೇಲೆ ಪಾರ್ಕಿಗೆ ಬಂದು ಏನು ತಾನೇ ಮಾತಾಡುವುದು? ಎಂಟನೆಯ ದಿನ ಬೆಳಿಗ್ಗೆ ನೋಡಿದರೆ ರಾಯರು ದಾಪುಗಾಲು ಹಾಕಿಕೊಂಡು ಬರುತ್ತಿದ್ದಾರೆ, ಕಂಕುಳಲ್ಲಿ ಇಟ್ಟಿಗೆ ಗಾತ್ರದ ಪುಸ್ತಕ.

“1961ರ ಕಾಯ್ದೇನೇ ಹೋಯ್ತು ಸ್ವಾಮಿ! 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ.”

“ನಿವಾಸಿ ಯಾರು ಅನ್ನೋದು ಹೆಚ್ಚುಕಮ್ಮಿ ಹಾಗೇ ಇದೆಯಂತಲ್ಲ ರಾಯರೇ, ಸೆಕ್ಷನ್ ನಂಬರೂ ಅದೇ ಆರು.”

“ಹಾಗಂತ ನೀವಂತೀರಿ.” ಬೆಂಚಿನ ಧೂಳು ಕೊಡವಿ ಕೂತು ಕನ್ನಡಕ ಏರಿಸಿದರು. “ಎಲ್ಲಾ ಮೊದಲಿಂದ ಓದ್ಬೇಕು. ಈ ವರ್ಷ ಹೊರಡೋದು ಆಗದ ಮಾತು.”