ಡಿಸ್‌ಪ್ಲೇ ಬರ್ತಾ ಇಲ್ಲ

ಪೀಣ್ಯದಲ್ಲಿ ರಿಪೇರಿಯವರಿಗೇನೂ ಬರವಿಲ್ಲ. ಲೇತಿನ ಚಕ್ ಹಿಡಿತ ಬಿಟ್ಟರೆ, ಮೋಟರಿನ ಕಾಯಿಲ್ ಸುಟ್ಟರೆ, ಕಂಪ್ರೆಸರ್ ಗಾಳಿ ಕಾರಿಕೊಂಡರೆ ಪಕ್ಕದ ಶೆಡ್ಡಿನಿಂದ ಯಾರಾದರೊಬ್ಬರು ಗ್ರೀಸ್ ಕೈಯನ್ನು ಬನಿಯನ್ ವೇಸ್ಟಿಗೆ ಒರೆಸಿಕೊಳ್ಳುತ್ತಾ ಬಂದೇ ಬರುತ್ತಾರೆ. 1970ರ ದಶಕದಲ್ಲಿ ಕೈಗಾರಿಕಾ ಪ್ರದೇಶವಾದಾಗಿನಿಂದ ಈ ಜಾಗ ಬೆಳೆದದ್ದೇ ಒಬ್ಬರ ಮಿಷನ್ನನ್ನು ಇನ್ನೊಬ್ಬರು ಬಿಚ್ಚಿ. ಆದರೆ ಅದೇ ಶೆಡ್ಡುಗಳ ಬೆನ್ನಿಗೆ, ಮನೆಯ ಮೇಲಿನ ಕೋಣೆಯಲ್ಲಿ ಕೂತು ಜಿಗ್ಗು, ಫಿಕ್ಸ್ಚರು, ಡೈಗಳ ಡ್ರಾಯಿಂಗ್ ಹಾಕಿಕೊಡುವ ನನ್ನಂಥವನ ಕಂಪ್ಯೂಟರ್ ಕೆಟ್ಟರೆ ಕಥೆ ಬೇರೆ. ಬರುವವರು ಆಗಲೂ ಬರುತ್ತಾರೆ. ನೋಡುತ್ತಾರೆ, ಮಾನಿಟರಿನ ನೆತ್ತಿಗೆ ಎರಡು ತಟ್ಟುತ್ತಾರೆ, “ವೈರಸ್ ಇರ್ಬೇಕು ಸಾರ್” ಅಂದು ಟೀ ಕುಡಿದು ಹೋಗುತ್ತಾರೆ.

ನನ್ನ ಕಂಪ್ಯೂಟರಿನ ಕಾಯಿಲೆ ಬೆಳಗಿನದು. ಸ್ವಿಚ್ ಒತ್ತಿದರೆ ದೀಪ ಹತ್ತುತ್ತದೆ. ಗ್ರಾಫಿಕ್ಸ್ ಕಾರ್ಡಿನ ಎರಡೂ ಫ್ಯಾನುಗಳು ಒಮ್ಮೆ ಗುಯ್ಯೆಂದು ಅಬ್ಬರಿಸಿ ತೆಪ್ಪಗಾಗುತ್ತವೆ. ಮಾನಿಟರಿನಲ್ಲಿ ‘ನೋ ಸಿಗ್ನಲ್’ ಎಂಬ ನೀಲಿ ಚೌಕ ಗೋಡೆಯಿಂದ ಗೋಡೆಗೆ ತೇಲಾಡುತ್ತದೆ. ಮದರ್‌ಬೋರ್ಡಿನ ಮೂಲೆಯಲ್ಲಿ ಪುಟ್ಟ ಪುಟ್ಟ ನಾಲ್ಕು ದೀಪಗಳಿವೆ: ಸಿಪಿಯು, ಡಿರ್ಯಾಮ್, ವಿಜಿಎ, ಬೂಟ್. ಒಂದನ್ನು ಪರೀಕ್ಷಿಸಿ ಪಾಸು ಮಾಡಿದ ಮೇಲೆ ಇನ್ನೊಂದಕ್ಕೆ ಹೋಗುವುದು ಬೋರ್ಡಿನ ಕ್ರಮ. ನಮ್ಮದು ವಿಜಿಎಯಲ್ಲಿ ಫೇಲು. ಆ ಬಿಳಿ ದೀಪ ಉರಿಯುತ್ತಾ ನಿಂತೇಬಿಡುತ್ತದೆ. ಆಫ್ ಮಾಡಿ, ಎರಡು ಒಳ್ಳೆಯ ಮಾತಾಡಿ ಮತ್ತೆ ಒತ್ತಿದಿರೋ, ಏನೂ ನಡೆದೇ ಇಲ್ಲವೆಂಬಂತೆ ಎದ್ದು ಕೂರುತ್ತದೆ. ಆಮೇಲೆ ಸಂಜೆಯವರೆಗೆ ಚಕಾರವಿಲ್ಲ. ಹಳೆಯ ಟೂ ಸ್ಟ್ರೋಕ್ ಸ್ಕೂಟರ್ ಸಾಕಿದವರಿಗೆ ಈ ಸ್ವಭಾವ ಪರಿಚಿತ. ಧನುರ್ಮಾಸದ ಬೆಳಿಗ್ಗೆ ಅದನ್ನು ಒಂದು ಕಡೆಗೆ ವಾಲಿಸಿ, ಚೋಕ್ ಎಳೆದು, ಕಿಕ್ಕರಿನ ಮೇಲೆ ಇಡೀ ದೇಹಭಾರ ಹಾಕಿದ ಮೇಲೆಯೇ ಕೃಪೆ ಮಾಡುತ್ತಿತ್ತು. ಈ ಡೆಸ್ಕ್‌ಟಾಪನ್ನೂ ಒಮ್ಮೆ ವಾಲಿಸಿ ನೋಡೋಣ ಅನಿಸಿದ್ದುಂಟು. ಬಾಗಿಲಲ್ಲಿ ಮನೆಯವಳು ನಿಂತಿದ್ದರಿಂದ ವಿಜ್ಞಾನಕ್ಕೆ ಅಷ್ಟರಮಟ್ಟಿಗೆ ನಷ್ಟವಾಯಿತು.

ಮೊದಲಿನ ಕಂಪ್ಯೂಟರುಗಳು ಬಾಯಿಬಿಟ್ಟು ಹೇಳುತ್ತಿದ್ದವು. ಅವಾರ್ಡ್ ಬಯಾಸ್ ಇದ್ದ ಬೋರ್ಡುಗಳಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಡಿಸ್‌ಪ್ಲೇ ಕಾರ್ಡಿಗೆ ಸಂಬಂಧಿಸಿದ್ದು ಎಂದರ್ಥ. ಈಗಿನ ಕ್ಯಾಬಿನೆಟ್ಟುಗಳಲ್ಲಿ ಆ ಪುಟಾಣಿ ಸ್ಪೀಕರನ್ನೇ ಹಾಕುವುದಿಲ್ಲ. ಬಣ್ಣಬಣ್ಣದ ಆರ್‌ಜಿಬಿ ಲೈಟು ಮಾತ್ರ ಧಾರಾಳ. ರೋಗ ಏನೆಂದು ಹೇಳದಿದ್ದರೂ ಪರವಾಗಿಲ್ಲ, ಕೋಣೆ ಆರ್ಕೆಸ್ಟ್ರಾ ಸ್ಟೇಜಾಗಬೇಕು.

ಕಾರಣ ಹುಡುಕುವ ವಿಷಯದಲ್ಲಿ ನಮ್ಮಲ್ಲಿ ಒಮ್ಮತವಿರಲಿಲ್ಲ. ಕೆಳಗಿನ ಟೂಲ್ ರೂಮಿನ ಯಜಮಾನರದು ಅರ್ಥಿಂಗ್ ಪಕ್ಷ. ಊರಿನ ಸಕಲ ಸಂಕಟಗಳಿಗೂ, ಅವರ ಸೊಂಟನೋವೂ ಸೇರಿದಂತೆ, ಅರ್ಥಿಂಗ್ ಸರಿಯಿಲ್ಲದಿರುವುದೇ ಮೂಲ ಎಂದು ಅವರು ನಂಬಿದ್ದಾರೆ. ಮನೆಯವಳದು ಕುಂಕುಮದ ಪಕ್ಷ. ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಪೀಣ್ಯದಲ್ಲಿ ಯುಗಾದಿ, ದೀಪಾವಳಿ ಎಲ್ಲ ಇದ್ದರೂ ನಿಜವಾದ ಹಬ್ಬ ಆಯುಧಪೂಜೆ. ಅವತ್ತು ಮಿಷನ್ನುಗಳಿಗೆ ಡೀಸೆಲ್ ಸ್ನಾನ, ಆಮೇಲೆ ವಿಭೂತಿ, ಬಾಳೆಕಂದು, ಚೆಂಡುಹೂವಿನ ಹಾರ. ಲಕ್ಷಾಂತರ ರೂಪಾಯಿಯ ವಿಎಂಸಿಗೂ ಮೂಲೆಯ ಬೆಂಚ್ ಗ್ರೈಂಡರಿಗೂ ಒಂದೇ ಅಳತೆಯ ಬೊಟ್ಟು. ರಸ್ತೆ ತುಂಬ ಒಡೆದ ಬೂದುಗುಂಬಳ. ಅದರ ಮೇಲೆ ಬೈಕು ಜಾರದಂತೆ ಓಡಿಸುವುದೇ ಮರುದಿನದ ಹಬ್ಬ. ಈ ಸಮತಾವಾದದಲ್ಲಿ ನನ್ನ ಕಂಪ್ಯೂಟರಿಗೂ ಪಾಲಿದೆ. ಕ್ಯಾಬಿನೆಟ್ಟಿನ ಮುಂಭಾಗಕ್ಕೆ ಅರಿಸಿನ ಕುಂಕುಮ ಏರಿಸುತ್ತೇವೆ. ಗಾಳಿಯನ್ನು ಒಳಗೆಳೆಯುವ ಫ್ಯಾನ್ ಇರುವುದೂ ಅಲ್ಲೇ. ಮುಚ್ಚಳ ತೆಗೆದು ನೋಡಿದರೆ ಹೀಟ್‌ಸಿಂಕಿನ ರೆಕ್ಕೆಗಳ ಸಂದಿಯಲ್ಲಿ ಗುಲಾಬಿ ಬಣ್ಣದ ಧೂಳು, ಅದರ ಮೇಲೆ ಪೀಣ್ಯದ ಕಪ್ಪು ಧೂಳು, ಮತ್ತೆ ಗುಲಾಬಿ. ವರ್ಷವರ್ಷದ ಲೆಕ್ಕ ಪದರ ಪದರವಾಗಿ ಸಿಗುತ್ತಿತ್ತು. ಬ್ಲೋವರ್ ಹಿಡಿದೆ. ಕೋಣೆಯಿಡೀ ಮಂಗಳಕರವಾಯಿತು. ಡಿಸ್‌ಪ್ಲೇ ಬರಲಿಲ್ಲ.

ಆಗ ನೆನಪಾದದ್ದು ಅಕ್ಕನ ಮಗ. ಅವನಿರುವುದು ವೈಟ್‌ಫೀಲ್ಡಿನಲ್ಲಿ, ಓದಿದ್ದು ಎಂಜಿನಿಯರಿಂಗು, ಮಾಡುವುದು ಚಿಪ್ಪಿನ ಕೆಲಸ. 1882ರಲ್ಲಿ ಮೈಸೂರಿನ ಮಹಾರಾಜರು ಆಂಗ್ಲೋ ಇಂಡಿಯನ್ನರಿಗೆ ಬೇಸಾಯ ಮಾಡಿಕೊಂಡಿರಲೆಂದು ಕೊಟ್ಟ ನೆಲ ಅದು. ಅವರ ಮುಂದಾಳು ಡಿ. ಎಸ್. ವೈಟ್ ಅವರ ಹೆಸರು ಊರಿಗೆ ಅಂಟಿತು. ಈಗ ಅಲ್ಲಿ ಬೆಳೆಯುವುದು ಟ್ರಾಫಿಕ್ಕು ಮತ್ತು ಟ್ರಾನ್ಸಿಸ್ಟರು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದು ಶುರುಮಾಡಿದ ಚಿಪ್ ವಿನ್ಯಾಸದ ಕಸುಬು ಈಗ ಎಷ್ಟು ಹಬ್ಬಿದೆಯೆಂದರೆ ಎನ್‌ವಿಡಿಯಾ, ಎಎಂಡಿ, ಇಂಟೆಲ್ ಮೂರಕ್ಕೂ ಇಲ್ಲಿ ದೊಡ್ಡ ದೊಡ್ಡ ಕೇಂದ್ರಗಳಿವೆ. ಎಎಂಡಿ 2023ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ತೆರೆದದ್ದು ಜಗತ್ತಿನಲ್ಲೇ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರ. ಅಂದಮೇಲೆ ಗ್ರಾಫಿಕ್ಸ್ ಕಾರ್ಡಿನ ಮಿದುಳನ್ನು ಬರೆಯುವ ಊರಿನಲ್ಲೇ ಕೂತು ನಾನು ಪಕ್ಕದವರ ಮಾತು ಕೇಳಿ ಮಾನಿಟರಿಗೆ ತಟ್ಟುತ್ತಿದ್ದೇನೆ! ಫೋನು ಮಾಡಿದೆ.

“ಮಾಮ, ನಾನು ಮಾಡೋದು ಡಿಸೈನ್ ವೆರಿಫಿಕೇಶನ್. ಅದೂ ಮೆಮೊರಿ ಕಂಟ್ರೋಲರ್‌ನಲ್ಲಿ ಒಂದು ಸಣ್ಣ ಬ್ಲಾಕು. ಪೂರ್ತಿ ಕಾರ್ಡನ್ನ ಕೈಯಲ್ಲಿ ಹಿಡಿದಿದ್ದೇ ಇಲ್ಲ” ಅಂದ.

“ಮತ್ತೆ ಅಷ್ಟು ಸಂಬಳ?”

“ಅದನ್ನ ಅಮ್ಮನ ಮುಂದೆ ಕೇಳಬೇಡಿ ಮಾಮ.”

ಆದರೂ ಹುಡುಗ ಸುಮ್ಮನಿರಲಿಲ್ಲ. ಕಾರ್ಡನ್ನು ತೆಗೆದಿಟ್ಟು, ಎಚ್‌ಡಿಎಂಐ ಕೇಬಲನ್ನು ನೇರ ಮದರ್‌ಬೋರ್ಡಿಗೆ ಚುಚ್ಚಿ ನೋಡಲು ಹೇಳಿದ. ಚುಚ್ಚಿದೆ. ಕಗ್ಗತ್ತಲು. ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ ‘ಎಫ್’ ಇದೆಯಾ ಎಂದು ಕೇಳಿದ. ಇತ್ತು. ಇಂಟೆಲ್‌ನ ಎಫ್ ಜಾತಿಯ ಪ್ರೊಸೆಸರುಗಳಲ್ಲಿ ಒಳಗಿನ ಗ್ರಾಫಿಕ್ಸ್ ಕೆಲಸ ಮಾಡುವುದಿಲ್ಲವಂತೆ, ಅದಕ್ಕೇ ಸ್ವಲ್ಪ ಅಗ್ಗ. ಬೋರ್ಡಿನ ಹಿಂದೆ ತೂತು ಮಾತ್ರ ಠಾಕುಠೀಕಾಗಿದೆ, ಅದರೊಳಗಿಂದ ಚಿತ್ರ ಬರುವ ದಾರಿಯೇ ಇಲ್ಲ. ಕಾರ್ಡು ಇಲ್ಲದೆ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದೆ ಕಾರ್ಡು ಕೆಟ್ಟಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಸರ್ಕಾರಿ ಕಚೇರಿಯ ಅನುಭವವಿದ್ದುದರಿಂದ ನನಗಿದು ಹೊಸದೆನಿಸಲಿಲ್ಲ.

ಉಳಿದದ್ದು ಎಸ್.ಪಿ. ರೋಡು. ಬೆಂಗಳೂರಿನಲ್ಲಿ ಕಂಪ್ಯೂಟರಿನ ಯಾವ ವ್ಯಾಜ್ಯವೂ ಕೊನೆಗೆ ಬಂದು ನಿಲ್ಲುವ ಕಟಕಟೆ ಅದು. ಕ್ಯಾಬಿನೆಟ್ಟಿಗೆ ಹಳೆಯ ಬೆಡ್‌ಶೀಟ್ ಸುತ್ತಿ ಹಸಿರು ಮಾರ್ಗದ ಮೆಟ್ರೊ ಸ್ಟೇಷನ್ನಿಗೆ ಹೋದೆ. ಎಕ್ಸ್‌ರೇ ಮಿಷನ್ನಿನ ಪರದೆಯ ಮೇಲೆ ನನ್ನ ಕಾರ್ಡು, ಅದರ ಫ್ಯಾನು, ಸುರುಳಿ ಸುತ್ತಿದ ವೈರುಗಳು ಎಲ್ಲ ನಿಚ್ಚಳವಾಗಿ ಮೂಡಿದವು. ಅದರ ಡಿಸ್‌ಪ್ಲೇ ಬಂದದ್ದು ಅವತ್ತು ಅಲ್ಲೇ ಮೊದಲು. ಸೆಕ್ಯೂರಿಟಿಯವರಿಗೆ ಮಾತ್ರ ಸಂಶಯ.

“ಏನ್ ಸಾರ್ ಇದು?”

“ಕಂಪ್ಯೂಟರ್.”

“ಆನ್ ಮಾಡಿ ತೋರ್ಸಿ.”

“ಸ್ವಾಮಿ, ಅದೊಂದು ಬಿಟ್ಟು ಇನ್ನೇನು ಬೇಕಾದರೂ ಕೇಳಿ” ಅಂದೆ. ನನ್ನ ಮುಖದಲ್ಲಿದ್ದ ಸತ್ಯ ಅವರಿಗೆ ಕಂಡಿರಬೇಕು, ಬಿಟ್ಟರು.

ಎಸ್.ಪಿ. ರೋಡಿನ ಆ ಅಂಗಡಿಗೆ ಹೋಗಬೇಕಾದರೆ ಕಿರಿದಾದ ಮೆಟ್ಟಿಲು ಹತ್ತಿ ಹೋಗಬೇಕು, ಎದುರಿಗೆ ಯಾರಾದರೂ ಪ್ರಿಂಟರ್ ಹೊತ್ತು ಇಳಿದರೆ ಒಬ್ಬರು ವಾಪಸಾಗಬೇಕು. ಒಳಗೆ ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸಿನ ಹುಡುಗ. ನಾನು ಕಾಯಿಲೆಯ ವೃತ್ತಾಂತ ಶುರುಮಾಡುವುದರೊಳಗೆ ಸ್ಕ್ರೂ ಬಿಚ್ಚಿ ಕಾರ್ಡು ಎಳೆದಿದ್ದ. ಜೇಬಿನಿಂದ ಪೆನ್ಸಿಲ್ ಅಳಿಸುವ ಬಿಳಿ ರಬ್ಬರು ತೆಗೆದು, ಸ್ಲಾಟಿಗೆ ಕೂರುವ ಚಿನ್ನದ ಲೇಪದ ಪಟ್ಟಿಯನ್ನು ಒಂದೇ ದಿಕ್ಕಿನಲ್ಲಿ ಮೆಲ್ಲಗೆ ಉಜ್ಜಿದ. ರಬ್ಬರಿನ ಪುಡಿ ಕಪ್ಪಾಗಿ ಉದುರಿತು. ಉಫ್ ಎಂದು ಊದಿ ಕೂರಿಸಿ ಸ್ವಿಚ್ ಒತ್ತಿದ. ಡಿಸ್‌ಪ್ಲೇ ಬಂತು!

ನಾನು ಪರ್ಸಿಗೆ ಕೈಹಾಕಿದೆ. ಅವನು ಒಪ್ಪಲಿಲ್ಲ. “ಈಗ ಮಧ್ಯಾಹ್ನ ಸಾರ್. ನಿಮಗೆ ಬೆಳಿಗ್ಗೆ ಮಾತ್ರಾನೇ ಪ್ರಾಬ್ಲಮ್ಮಾ?” ಎಂದ. ಚಿಪ್ಪು, ಕುಂಕುಮ, ಅರ್ಥಿಂಗ್ ಎಲ್ಲ ಚರ್ಚಿಸಿದ ಇಷ್ಟು ಜನರಲ್ಲಿ ಬೆಳಗಿಗೂ ಮಧ್ಯಾಹ್ನಕ್ಕೂ ಏನು ವ್ಯತ್ಯಾಸ ಎಂದು ಯೋಚಿಸಿದವನು ಇವನೊಬ್ಬನೇ. ಇಡೀ ಕಂಪ್ಯೂಟರಿಗೆ ಕರೆಂಟು ಹಂಚುವ ಎಸ್‌ಎಂಪಿಎಸ್ ಬಿಚ್ಚಿ ಅಂಗೈಯಲ್ಲಿ ಹಿಡಿದು ತೂಕ ನೋಡಿದ. “ಹಗುರ ಇದೆ” ಎಂದ, ಅಷ್ಟೇ. ಆ ಧ್ವನಿಯಲ್ಲಿ ತೀರ್ಪಿತ್ತು. ಮೇಲಿನ ಸ್ಟಿಕರಿನಲ್ಲಿ 450 ವ್ಯಾಟ್ ಎಂದು ದಪ್ಪಕ್ಷರ. ಕೆಳಗೆ ಸಣ್ಣಕ್ಷರದಲ್ಲಿ 12 ವೋಲ್ಟಿಗೆ 18 ಆಂಪಿಯರ್. ಗುಣಿಸಿದರೆ 216. ಕಾರ್ಡು ಮುಖ್ಯವಾಗಿ ಉಣ್ಣುವುದು ಈ 12 ವೋಲ್ಟಿನಿಂದಲೇ. ಸ್ಲಾಟು ಕೊಡುವುದು ಹೆಚ್ಚೆಂದರೆ 75 ವ್ಯಾಟ್, ಉಳಿದದ್ದಕ್ಕೆ 8 ಪಿನ್ನಿನ ಬೇರೆ ವೈರು ಬೇಕು. ಅದರ ಮಿತಿ 150 ವ್ಯಾಟ್. ನನ್ನದರಲ್ಲಿ ಆ ವೈರೇ ಇಲ್ಲದೆ, ಹಳೇ ಕಾಲದ ಎರಡು ಪ್ಲಗ್ಗುಗಳನ್ನು ಸೇರಿಸಿ ಒಂದು ಕನ್ವರ್ಟರ್ ಹಾಕಿತ್ತು. ಮೀಟರ್ ಇಟ್ಟು ಮತ್ತೆ ಸ್ಟಾರ್ಟ್ ಮಾಡಿದ. ಫ್ಯಾನು ಗುಯ್ಯೆಂದ ಕ್ಷಣ 12 ಇದ್ದ ಅಂಕಿ 11.3ಕ್ಕೆ ಜಾರಿ ಮೇಲೆದ್ದಿತು. 11.4ಕ್ಕಿಂತ ಕೆಳಗೆ ಹೋಗಬಾರದು. ಒಳಗಿನ ಕೆಪಾಸಿಟರುಗಳಿಗೆ ವಯಸ್ಸಾದರೆ ಚಳಿಯಲ್ಲಿ ಅವುಗಳ ಒಳರೋಧ ಇನ್ನಷ್ಟು ಏರುತ್ತದೆ. ಆದ್ದರಿಂದ ಬೆಳಗಿನ ಮೊದಲ ಎಳೆತಕ್ಕೆ ಕರೆಂಟು ಪೂರೈಸುವುದಿಲ್ಲ. ಆ ಎಳೆತದಲ್ಲೇ ಕೊಂಚ ಬೆಚ್ಚಗಾಗಿ, ಎರಡನೆಯದಕ್ಕೆ ಸುಧಾರಿಸಿಕೊಳ್ಳುತ್ತವೆ.

ಕಾರ್ಡು ನಿರಪರಾಧಿ. ಅಕ್ಕನ ಮಗನ ಬ್ಲಾಕಂತೂ ಇನ್ನೂ ನಿರಪರಾಧಿ.

ಹೊಸ ಎಸ್‌ಎಂಪಿಎಸ್ ಇಟ್ಟಿಗೆಯ ಹಾಗೆ ಭಾರವಿದೆಯೆಂದು ನಾನೂ ಅಂಗೈಯಲ್ಲಿ ತೂಗಿ, ತಿಳಿದವನಂತೆ ತಲೆಯಾಡಿಸಿ ದುಡ್ಡು ಕೊಟ್ಟೆ. ಹಳೆಯದನ್ನು ಹುಡುಗ ಗುಜರಿಗೆ ಹಾಕುತ್ತೇನೆಂದರೂ ಬಿಡದೆ ಹೊತ್ತು ತಂದೆ. ಮನೆಯವಳು ಅದನ್ನು ಕಂಡು ಏನೋ ಹೇಳುವ ಮೊದಲೇ ಟೂಲ್ ರೂಮಿನ ಯಜಮಾನರು ಕೇಳಿ ಇಸಿದುಕೊಂಡರು. ಅದರ ಹಸಿರು ವೈರನ್ನು ಕಪ್ಪು ವೈರಿಗೆ ಕೂಡಿಸಿ, ಬರುವ 12 ವೋಲ್ಟನ್ನು ಬೆಂಚಿನ ಎಲ್‌ಇಡಿ ಪಟ್ಟಿಗೆ ಕೊಟ್ಟಿದ್ದಾರೆ. ಬೆಳಿಗ್ಗೆ ಮೊದಲ ಸಲ ದೀಪಗಳು ಮಿಣಿಮಿಣಿ ಅಂದು ಆರಿಹೋಗುತ್ತವಂತೆ. “ಅರ್ಥಿಂಗ್ ಸಾರ್, ನಾನು ಆಗಲೇ ಹೇಳಿರ್ಲಿಲ್ವಾ?” ಅನ್ನುತ್ತಾರೆ.